ಕೆಂಪಾದ ಪ್ಲೇಟ್ ನಂಬುವ ಮೊದಲು: ಅರೆಲೋಹ ಬದಲಿಸುವ ಬ್ಯಾಕ್ಟೀರಿಯಾ ಹುಡುಕುವವರಿಗೆ

ಮುಂಬೈ, ಪುಣೆ, ಗೋವಾದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಓದುವ ನಮ್ಮ ಕನ್ನಡದ ಮಕ್ಕಳಿಗೆ ಪ್ರಾಜೆಕ್ಟ್ ಹೊತ್ತಿನಲ್ಲಿ ತುಂಬ ಇಷ್ಟವಾಗುವ ವಿಷಯ ಒಂದಿದೆ: ಆರ್ಸೆನಿಕ್ ತಿನ್ನುವ ಬ್ಯಾಕ್ಟೀರಿಯಾ. ಕೇಳೋಕೆ ಚೆನ್ನಾಗಿದೆ, ಗೈಡ್ ಕೂಡ ಬೇಗ ಒಪ್ಪುತ್ತಾರೆ. ಆದರೆ ಮುಗಿದ ರಿಪೋರ್ಟ್ ತೆರೆದು ನೋಡಿದರೆ ಬಹಳಷ್ಟು ಸಲ ಕೊನೆಗೆ ಇದೇ ಮಾತು ಇರುತ್ತದೆ: ‘ಈ ತಳಿ ಆರ್ಸೆನಿಕ್ ತಡೆದುಕೊಂಡಿತು, ಆದ್ದರಿಂದ ನೀರು ಶುದ್ಧ ಮಾಡಲು ಬಳಸಬಹುದು.’ ಮೊದಲರ್ಧ ಸರಿ. ಎರಡನೆಯದಕ್ಕೆ ಆಧಾರವೇ ಇರುವುದಿಲ್ಲ.

ಆರ್ಸೆನಿಕ್ ಒಂದು ಮೂಲವಸ್ತು, ಲೋಹಕ್ಕೂ ಅಲೋಹಕ್ಕೂ ನಡುವಿನ ಅರೆಲೋಹ. ಯಾವ ಬ್ಯಾಕ್ಟೀರಿಯಾವೂ ಅದನ್ನು ತಿಂದು ಇಲ್ಲದಂತೆ ಮಾಡಲಾರದು. ಒಳಗೆ ಬಂದದ್ದನ್ನು ಹೊರಗೆ ನೂಕಬಹುದು. ರೂಪ ಬದಲಿಸಬಹುದು. ಮೀಥೈಲ್ ಗುಂಪು (ಇಂಗಾಲ, ಜಲಜನಕದ ಸಣ್ಣ ತುಂಡು) ಅಂಟಿಸಿ ಗಾಳಿಗೆ ಬಿಡಬಹುದು. ಸೆಲೆನಿಯಂ, ಟೆಲ್ಯುರಿಯಂ ಆದರೆ ಕರಗದ ಪುಡಿಯಾಗಿ ಕೂರಿಸಬಹುದು. ಅಷ್ಟೇ. ಹಾಗಾಗಿ ಪ್ರಾಜೆಕ್ಟ್ ಉದ್ದಕ್ಕೂ ಒಂದು ಪ್ರಶ್ನೆ ಬಿಡಬೇಡಿ: ನಾನು ಹಾಕಿದ್ದು ಈಗ ಎಲ್ಲಿದೆ, ಯಾವ ರೂಪದಲ್ಲಿದೆ? ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ಕೆಲಸ ಜೋಡಿಸಿಕೊಳ್ಳುವ ದಾರಿ.

ಮೊದಲು, ಯಾವ ಅರೆಲೋಹ ಅಂತ ತೀರ್ಮಾನಿಸಿ

ನನ್ನ ಸಲಹೆ: ಆರ್ಸೆನಿಕ್‌ನಿಂದ ಶುರು ಮಾಡಬೇಡಿ. ಸೆಲೆನೈಟ್‌ನಿಂದ, ಅಂದರೆ ಆಮ್ಲಜನಕ ಸೇರಿದ ಸೆಲೆನಿಯಂನಿಂದ, ಮಾಡಿ. ಸೆಲೆನಿಯಂ ಅರೆಲೋಹವೋ ಅಲೋಹವೋ ಅಂತ ಕೆಮಿಸ್ಟ್ರಿಯವರು ಚರ್ಚೆ ಮಾಡಲಿ, ನಮ್ಮ ಕೆಲಸದಲ್ಲಿ ಅದನ್ನೂ ಇದೇ ಗುಂಪಿನಲ್ಲಿ ಇಡುತ್ತಾರೆ. ಸೆಲೆನೈಟ್‌ಗೆ ಬಣ್ಣ ಇಲ್ಲ. ಬ್ಯಾಕ್ಟೀರಿಯಾ ಅದನ್ನು ಮೂಲ ಸೆಲೆನಿಯಂ ಆಗಿ ಮಾಡಿದರೆ ಕಾಲೊನಿ ಇಟ್ಟಿಗೆಗೆಂಪಾಗುತ್ತದೆ. ಕಣ್ಣಿಗೇ ಕಾಣುತ್ತದೆ. ಟೆಲ್ಯುರೈಟ್ (ಟೆಲ್ಯುರಿಯಂನ ಇಂಥದೇ ರೂಪ) ಆದರೆ ಕಾಲೊನಿ ಕಡುಗಪ್ಪು. ಆಹಾರ ಪರೀಕ್ಷಿಸುವ ಲ್ಯಾಬುಗಳಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಹುಡುಕುವ ಬೇರ್ಡ್-ಪಾರ್ಕರ್ ಅಗಾರ್ ನೋಡಿರುತ್ತೀರಿ. ಅಲ್ಲಿನ ಕಪ್ಪು ಕಾಲೊನಿ ಇದೇ ಟೆಲ್ಯುರಿಯಂ.

ಆದರೆ ಟೆಲ್ಯುರೈಟ್ ಬ್ಯಾಕ್ಟೀರಿಯಾಗಳಿಗೆ ತುಂಬ ಕಠಿಣ. ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಸುಪಾಸು ಇದ್ದರೂ ಸಾಮಾನ್ಯ ಇ. ಕೋಲೈ ಬೆಳೆಯುವುದು ಕಷ್ಟ. ಅದೇ ಇ. ಕೋಲೈ ಸೆಲೆನೈಟ್‌ನ ಕೆಲವು ಮಿಲಿಮೋಲಾರ್ ತಡೆಯುತ್ತದೆ. ಕೈ ಪಳಗಲಿ, ಆಮೇಲೆ ಟೆಲ್ಯುರೈಟ್, ಕೊನೆಗೆ ಆರ್ಸೆನಿಕ್.

ಈ ರಾಸಾಯನಿಕಗಳನ್ನು ಕೊಳ್ಳುವ ಮೊದಲೇ ಗೈಡ್ ಹತ್ತಿರ ಒಂದು ಮಾತು ಕೇಳಿಬಿಡಿ: ಉಳಿದ ದ್ರಾವಣ ಎಲ್ಲಿಗೆ ಹೋಗುತ್ತದೆ? ಸಿಂಕಿಗೆ ಅಂತ ಉತ್ತರ ಬಂದರೆ ವಿಷಯ ಬದಲಿಸಿ. ಆಟೋಕ್ಲೇವ್ ಮಾಡಿದರೆ (ಒತ್ತಡದ ಬಿಸಿ ಹಬೆಯಲ್ಲಿ ಇಟ್ಟರೆ) ಬ್ಯಾಕ್ಟೀರಿಯಾ ಸಾಯುತ್ತದೆ, ಆರ್ಸೆನಿಕ್ ಹಾಗೇ ಇರುತ್ತದೆ. ಪ್ಲೇಟ್, ಟಿಪ್, ತೊಳೆದ ನೀರು ಎಲ್ಲ ಲೇಬಲ್ ಹಚ್ಚಿದ ಕ್ಯಾನಿನಲ್ಲಿ ಸೇರಬೇಕು. ಅಪಾಯಕಾರಿ ಕಸ ಒಯ್ಯುವ ಪರವಾನಗಿ ಇರುವವರಿಗೇ ಕೊಡಬೇಕು. ಮುಂಬೈ ಕಡೆಗೆ ತಳೋಜಾ, ಪುಣೆ ಕಡೆಗೆ ರಾಂಜಣಗಾಂವ್‌ನಲ್ಲಿ ಇಂಥ ಕಸ ವಿಲೇವಾರಿ ಜಾಗಗಳಿವೆ, ಕಾಲೇಜಿನ ಮೂಲಕವೇ ಹೋಗಬೇಕು. ಇನ್ನೊಂದು: ಆರ್ಸೆನಿಕ್ ಇರುವ ಕ್ಯಾನಿಗೆ ಸತು ಅಥವಾ ಬೇರೆ ಲೋಹದ ಪುಡಿ ಜತೆ ಆಸಿಡ್ ಬೀಳದಂತೆ ನೋಡಿಕೊಳ್ಳಿ. ಆರ್ಸೀನ್ ಗ್ಯಾಸ್ ಬರುತ್ತದೆ, ಅದು ಜೀವ ತೆಗೆಯುವಂಥದ್ದು.

ಬಾಗಿಲು ಯಾವುದು ಅಂತ ತಿಳಿದು ಮೀಡಿಯಂ ಆರಿಸಿ

ಹೆಚ್ಚಿನವರು ಇಲ್ಲಿ ಓಡಿಬಿಡುತ್ತಾರೆ. ಲ್ಯಾಬಿನಲ್ಲಿ ಯಾವ ಮೀಡಿಯಂ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) ಡಬ್ಬಿ ಇದೆಯೋ ಅದರಲ್ಲೇ ಆರ್ಸೆನೇಟ್, ಅಂದರೆ ಆಮ್ಲಜನಕ ಹೆಚ್ಚು ಸೇರಿದ ಆರ್ಸೆನಿಕ್, ಹಾಕಿಬಿಡುತ್ತಾರೆ. ಸ್ವಲ್ಪ ನಿಲ್ಲಿ.

ವಿಷವನ್ನು ಒಳಗೆ ತರಿಸಿಕೊಳ್ಳಲು ಯಾವ ಜೀವಿಯೂ ಬಾಗಿಲು ಇಟ್ಟುಕೊಂಡಿರುವುದಿಲ್ಲ. ಬೇರೆಯದಕ್ಕೆ ಇಟ್ಟ ಬಾಗಿಲಿನಿಂದ ಅದು ನುಗ್ಗುತ್ತದೆ. ಆರ್ಸೆನೇಟ್ ನೋಡಲು ಫಾಸ್ಫೇಟ್ ಥರ ಇದೆ. ಆಕಾರ, ಚಾರ್ಜ್ ಎರಡೂ ಹತ್ತಿರ ಹತ್ತಿರ. ಬೇರೆಯವರ ಪಾಸ್ ಹಿಡಿದು ವಿರಾರ್ ಲೋಕಲ್ ಹತ್ತಿದವರ ಹಾಗೆ, ಫಾಸ್ಫೇಟ್ ಸಾಗಿಸುವ ಪಿಟ್ ಮತ್ತು ಪಿಎಸ್‌ಟಿ ಎಂಬ ಸಾಗಣೆ ವ್ಯವಸ್ಥೆಗಳಲ್ಲಿ ಅದು ಒಳಗೆ ಬರುತ್ತದೆ. ಎರಡರಲ್ಲಿ ಪಿಟ್ ಜಾಸ್ತಿ ತಪಾಸಣೆ ಮಾಡುವುದಿಲ್ಲ. ಪಿಎಸ್‌ಟಿ ಫಾಸ್ಫೇಟನ್ನು ಚೆನ್ನಾಗಿ ಗುರುತಿಸುತ್ತದೆ. ಒಳಗೆ ಬಂದ ಆರ್ಸೆನೇಟ್, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ತಯಾರಾಗುವ ಜಾಗದಲ್ಲಿ ಫಾಸ್ಫೇಟ್ ಬದಲು ಕೂರುತ್ತದೆ. ಆದರೆ ಆ ಜೋಡಣೆ ನಿಲ್ಲುವುದಿಲ್ಲ, ಕೂಡಲೇ ಒಡೆಯುತ್ತದೆ. ಜೀವಕೋಶಕ್ಕೆ ಶಕ್ತಿ ಸಿಗುವುದಿಲ್ಲ.

ಆಮ್ಲಜನಕ ಕಡಿಮೆ ಇರುವ ಇನ್ನೊಂದು ರೂಪ ಆರ್ಸೆನೈಟ್, ಅದರ ಕತೆ ಬೇರೆ. ಸಾಮಾನ್ಯ ನೀರಿನ ಪಿಎಚ್‌ನಲ್ಲಿ ಅದಕ್ಕೆ ಚಾರ್ಜೇ ಇಲ್ಲ. ಇ. ಕೋಲೈಯಲ್ಲಿ ಗ್ಲಿಸರಾಲ್‌ಗೆ ಇಟ್ಟ ಜಿಎಲ್‌ಪಿ-ಎಫ್ ಎಂಬ ರಂಧ್ರದಿಂದ ಸಲೀಸಾಗಿ ಜಾರಿ ಬರುತ್ತದೆ. ಆಂಟಿಮನಿಗೂ ಅದೇ ದಾರಿ. ಒಳಗೆ ಬಂದು ಕಿಣ್ವಗಳಲ್ಲಿರುವ ಗಂಧಕದ ತುದಿಗಳನ್ನು ಹಿಡಿದುಕೊಳ್ಳುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಸೆಲೆನೇಟ್ (ಸೆಲೆನೈಟ್‌ಗಿಂತ ಒಂದು ಆಮ್ಲಜನಕ ಹೆಚ್ಚು) ಸಲ್ಫೇಟ್ ಬಾಗಿಲಿನಲ್ಲಿ ಬರುತ್ತದೆ. ಟೆಲ್ಯುರೈಟ್ ಇ. ಕೋಲೈಯಲ್ಲಿ ಹೆಚ್ಚಾಗಿ ಪಿಟ್ ಮೂಲಕ.

ಇದರಿಂದ ಕೈಯಲ್ಲಿ ಮಾಡುವ ಕೆಲಸಕ್ಕೆ ಏನು? ತುಂಬ ಇದೆ. ಎಂ-9 ಮೀಡಿಯಂನಲ್ಲಿ 60 ಮಿಲಿಮೋಲಾರ್‌ಗೂ ಹೆಚ್ಚು ಫಾಸ್ಫೇಟ್ ಇರುತ್ತದೆ. ಅದರಲ್ಲಿ 10 ಮಿಲಿಮೋಲಾರ್ ಆರ್ಸೆನೇಟ್ ಹಾಕಿ ‘ನನ್ನ ತಳಿ ಗಟ್ಟಿ’ ಅಂದರೆ, ತಳಿ ಗಟ್ಟಿಯಲ್ಲ, ಬಾಗಿಲಲ್ಲಿ ಫಾಸ್ಫೇಟ್ ರಶ್ಶು ಅಷ್ಟೇ. ಆರ್ಸೆನೇಟ್‌ಗೆ ಟ್ರಿಸ್ ಬಫರ್ ಇರುವ, ಫಾಸ್ಫೇಟ್ ಕಡಿಮೆ ಇರುವ ಮೀಡಿಯಂ ಮಾಡಿಕೊಳ್ಳಿ. ಆರ್ಸೆನೈಟ್ ಪರೀಕ್ಷೆಗೆ ಇಂಗಾಲದ ಆಹಾರವಾಗಿ ಗ್ಲಿಸರಾಲ್ ಕೊಟ್ಟರೆ ಇ. ಕೋಲೈಯಂಥವು ಆ ರಂಧ್ರವನ್ನೇ ಹೆಚ್ಚಿಸಿಕೊಂಡು ಜಾಸ್ತಿ ವಿಷ ಒಳಗೆ ತೆಗೆದುಕೊಳ್ಳುತ್ತವೆ. ಸೆಲೆನೇಟ್‌ಗೆ ಸಲ್ಫೇಟ್ ಎಷ್ಟಿದೆ ನೋಡಿ. ರಿಪೋರ್ಟಿನಲ್ಲಿ ಅರೆಲೋಹದ ಪ್ರಮಾಣ ಮಾತ್ರ ಬರೆದರೆ ಸಾಲದು, ಪಕ್ಕದಲ್ಲೇ ಫಾಸ್ಫೇಟ್ ಅಥವಾ ಸಲ್ಫೇಟ್ ಪ್ರಮಾಣವೂ ಬೇಕು.

ಇದನ್ನು ದೊಡ್ಡವರೇ ಎಡವಿದ ಜಾಗ ಅನ್ನಬಹುದು. 2010ರಲ್ಲಿ ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಜಿಎಫ್‌ಎಜೆ-1 ಎಂಬ ಬ್ಯಾಕ್ಟೀರಿಯಾ ರಂಜಕದ ಬದಲು ಆರ್ಸೆನಿಕ್ ಇಟ್ಟುಕೊಂಡು ಬದುಕುತ್ತದೆ ಅಂತ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಜಗತ್ತೆಲ್ಲ ಸುದ್ದಿ. ಮೀಡಿಯಂನಲ್ಲಿ ಕಲಬೆರಕೆಯಾಗಿ 3 ಮೈಕ್ರೋಮೋಲಾರ್‌ನಷ್ಟು ಫಾಸ್ಫೇಟ್ ಇತ್ತು. ಆ ಜೀವಿಗೆ ಅಷ್ಟೇ ಸಾಕಾಗಿತ್ತು. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಮೂಲ ವಾದ ನಿಲ್ಲಲಿಲ್ಲ. 2025ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂತೆಗೆದುಕೊಂಡಿತು.

ಕೆಸರು ತರುವುದು

ಆರ್ಸೆನಿಕ್ ತಡೆಯುವ ಬ್ಯಾಕ್ಟೀರಿಯಾಗೆ ಫ್ಯಾಕ್ಟರಿ ಮೋರಿಯೇ ಬೇಕು ಅಂತಿಲ್ಲ. ಆರ್ಸೆನಿಕ್ ಭೂಮಿಯಲ್ಲಿ ಮೊದಲಿನಿಂದಲೂ ಇದೆ, ಅದನ್ನು ಎದುರಿಸುವ ಜೀನ್‌ಗಳೂ ಹೆಚ್ಚುಕಡಿಮೆ ಎಲ್ಲ ಕಡೆ ಇವೆ. ಲ್ಯಾಬಿನ ಸಾದಾ ಇ. ಕೋಲೈಯಲ್ಲೂ ಆರ್ಸ್ ಜೀನ್‌ಗಳಿವೆ. ಆದ್ದರಿಂದ ಸುಮ್ನೆ ‘ಆರ್ಸೆನೇಟ್ ತಡೆಯುವ ತಳಿ ಸಿಕ್ಕಿತು’ ಅನ್ನುವುದು ದೊಡ್ಡ ಸುದ್ದಿಯಲ್ಲ. ಅದೇ ಮೀಡಿಯಂನಲ್ಲಿ ಇ. ಕೋಲೈಯನ್ನು ಪಕ್ಕದಲ್ಲಿ ಬೆಳೆಸಿ ಹೋಲಿಸಿ.

ಗೋವಾದಲ್ಲಿದ್ದರೆ ಮಾಂಡವಿ, ಜುವಾರಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು, ರಿಬಂದರ್ ಕಡೆಯ ಉಪ್ಪಿನ ಆಗರ ಒಳ್ಳೆಯ ಜಾಗಗಳು. ಆಗರದಲ್ಲಿ ಬ್ಯಾಕ್ಟೀರಿಯಾ ಜತೆಗೆ ಉಪ್ಪು ಪ್ರೀತಿಸುವ ಆರ್ಕಿಯಾಗಳೂ (ಬ್ಯಾಕ್ಟೀರಿಯಾ ಥರ ಕಂಡರೂ ಬೇರೆ ಗುಂಪಿನ ಸೂಕ್ಷ್ಮಜೀವಿಗಳು) ಸಿಗುತ್ತವೆ. ಮುಂಬೈಯವರಿಗೆ ಥಾಣೆ ಖಾಡಿ ಹತ್ತಿರ. ಆದರೆ ಅಲ್ಲಿ ಫ್ಲೆಮಿಂಗೊ ಅಭಯಾರಣ್ಯ ಇದೆ, 2022ರಿಂದ ಅದು ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಕೂಡ. ಅರಣ್ಯ ಇಲಾಖೆಯ ಪತ್ರ ಇಲ್ಲದೆ ಇಳಿಯಬೇಡಿ. ಪುಣೆಯವರು ಮುಳಾ–ಮುಠಾ ದಂಡೆಗೆ ಹೋಗಬಹುದು.

ನೀರು ಇಳಿಯುವ ಹೊತ್ತು ನೋಡಿಕೊಂಡು ಹೋಗಿ. ಮೇಲಿನ ಕಂದು ಪದರ, ಕೆಳಗಿನ ಕಪ್ಪು ಪದರ ಬೇರೆ ಬೇರೆ ತೆಗೆಯಿರಿ. ಮೇಲೆ ಆಮ್ಲಜನಕ ಇದೆ, ಕೆಳಗೆ ಇಲ್ಲ. ಎರಡರಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ. ಬಾಟಲಿ ಬಾಯಿತನಕ ತುಂಬಿ, ಐಸ್ ಡಬ್ಬಿಯಲ್ಲಿಡಿ, ಅದೇ ದಿನ ಕೆಲಸ ಶುರು ಮಾಡಿ.

ರಾಯಚೂರು, ಯಾದಗಿರಿ ಕಡೆಯ ಹುಡುಗರು ಊರಿನಿಂದ ಬೋರ್‌ವೆಲ್ ನೀರು ತರಲಾ ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ಹಟ್ಟಿಯ ಚಿನ್ನದ ಅದಿರಿನ ಜತೆ ಆರ್ಸೆನೊಪೈರೈಟ್ ಇದೆ, ಅಂದರೆ ಆರ್ಸೆನಿಕ್ ಇರುವ ಕಲ್ಲು. ತನ್ನಿ, ಆದರೆ ಎರಡು ಬಾಟಲಿ. ಒಂದು ಬ್ಯಾಕ್ಟೀರಿಯಾಗೆ, ಹಾಗೇ ತಣ್ಣಗೆ. ಇನ್ನೊಂದು ಒಟ್ಟು ಆರ್ಸೆನಿಕ್ ಅಳೆಯಲು. ಅದಕ್ಕೆ ನೈಟ್ರಿಕ್ ಆಸಿಡ್ ಸೇರಿಸಬೇಕು, ಅದನ್ನು ಲ್ಯಾಬಿಗೆ ಬಂದ ಮೇಲೆ ಮಾಡಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಆಸಿಡ್ ಬಾಟಲಿ ಹಿಡಿದು ಹತ್ತಬೇಡಿ ಮಾರಾಯರೇ. ಫಲಿತಾಂಶವನ್ನು ಕುಡಿಯುವ ನೀರಿನ ಮಿತಿಯ ಜತೆ ಹೋಲಿಸಿ: ಲೀಟರಿಗೆ 0.01 ಮಿಲಿಗ್ರಾಂ. ಭಾರತೀಯ ಮಾನಕವೂ ಅದೇ, ವಿಶ್ವ ಆರೋಗ್ಯ ಸಂಸ್ಥೆಯದೂ ಅದೇ. ಅದಕ್ಕಿಂತ ಹೆಚ್ಚು ಬಂದರೆ ಪ್ರಾಜೆಕ್ಟ್ ಆಮೇಲೆ, ಮೊದಲು ಮನೆಯವರಿಗೆ ಹೇಳಿ ಆ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ.

ಪ್ಲೇಟ್ ಹಾಕುವುದು

ಕೆಸರನ್ನು ಹತ್ತು ಪಟ್ಟು, ನೂರು ಪಟ್ಟು ಹೀಗೆ ತೆಳುವಾಗಿಸಿ 0.1 ಮಿಲಿಲೀಟರ್ ಹರಡುವುದು ನಿಮಗೆ ಗೊತ್ತೇ ಇದೆ. ಖಾಡಿ, ಸಮುದ್ರದ ಮಾದರಿಗೆ ಸಾದಾ ಸಲೈನ್ ಬದಲು ಸ್ಟೆರೈಲ್ ಮಾಡಿದ ಸಮುದ್ರದ ನೀರು ಬಳಸಿ, ಇಲ್ಲದಿದ್ದರೆ ಎಷ್ಟೋ ಜೀವಿಗಳು ಅಲ್ಲೇ ಒಡೆದು ಹೋಗಬಹುದು.

ಪ್ರಮಾಣ: ಸೋಡಿಯಂ ಸೆಲೆನೈಟ್ 1 ಮಿಲಿಮೋಲಾರ್ ಅಂದರೆ ಲೀಟರಿಗೆ 173 ಮಿಲಿಗ್ರಾಂ. ಡಬ್ಬಿಯ ಮೇಲೆ ಐದು ನೀರಿನ ಅಣು ಇರುವ ಉಪ್ಪು ಅಂತ ಬರೆದಿದ್ದರೆ 263 ಮಿಲಿಗ್ರಾಂ. ಪೊಟ್ಯಾಸಿಯಂ ಟೆಲ್ಯುರೈಟ್ 0.1 ಮಿಲಿಮೋಲಾರ್‌ಗೆ ಸುಮಾರು 25 ಮಿಲಿಗ್ರಾಂ. ತೂಗುವಾಗ ಗ್ಲೌಸ್, ಮಾಸ್ಕ್, ಫ್ಯೂಮ್ ಹುಡ್.

ಇನ್ನು ಮುಖ್ಯವಾದದ್ದು. ಸೆಲೆನೈಟನ್ನು ಮೀಡಿಯಂ ಜತೆ ಆಟೋಕ್ಲೇವ್ ಮಾಡಬೇಡಿ. ವಾಸ್ಕೋದ ಹುಡುಗಿಯೊಬ್ಬಳು ಒಮ್ಮೆ ಖುಷಿಯಲ್ಲಿ ಫೋನ್ ಮಾಡಿದಳು.

“ಅಕ್ಕಾ, ಎಲ್ಲ ಪ್ಲೇಟೂ ಕೆಂಪಾಗಿದೆ!”

“ಬ್ಯಾಕ್ಟೀರಿಯಾ ಹಾಕದೇ ಇಟ್ಟ ಪ್ಲೇಟ್?”

ಸ್ವಲ್ಪ ಹೊತ್ತು ಮಾತಿಲ್ಲ. “ಅದೂ ಕೆಂಪೇ ಅಕ್ಕಾ.”

ಸಕ್ಕರೆ, ಪ್ರೋಟೀನ್ ಇರುವ ಮೀಡಿಯಂನಲ್ಲಿ ಸೆಲೆನೈಟ್ ಕಾದರೆ ಯಾವ ಜೀವಿಯೂ ಇಲ್ಲದೆ ತಾನೇ ಕೆಂಪು ಸೆಲೆನಿಯಂ ಆಗುತ್ತದೆ. ಸಾಲ್ಮೊನೆಲ್ಲಾಗೆ ಬಳಸುವ ಸೆಲೆನೈಟ್ ಬ್ರಾತ್ ಡಬ್ಬಿಯ ಮೇಲೆ ಆಟೋಕ್ಲೇವ್ ಬೇಡ ಅಂತ ಇರುವುದು ಇದಕ್ಕೇ. ಸೆಲೆನೈಟ್ ದ್ರಾವಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಗಾರ್ 50 ಡಿಗ್ರಿಗೆ ಬಂದ ಮೇಲೆ ಸೇರಿಸಿ. ಜೀವಿ ಹಾಕದ ಪ್ಲೇಟ್ ಒಂದು, ಬಿಸಿ ಮಾಡಿ ಕೊಂದ ಜೀವಕೋಶದ ಪ್ಲೇಟ್ ಒಂದು ಯಾವಾಗಲೂ ಇರಲಿ.

ಕೆಂಪಾದರೂ ಅದು ಸೆಲೆನಿಯಂ ಅಂತ ಹೇಳಲಾಗದು. ಸೆರೇಷಿಯಾ ಥರದವು ತಾವೇ ಕೆಂಪು ಬಣ್ಣ ಮಾಡುತ್ತವೆ. ಆ ತಳಿಯನ್ನು ಸೆಲೆನೈಟ್ ಇಲ್ಲದ ಪ್ಲೇಟಿನಲ್ಲಿ ಬೆಳೆಸಿ. ಅಲ್ಲೂ ಕೆಂಪಾದರೆ ಅದು ಜೀವಿಯದೇ ಬಣ್ಣ. ಸ್ವಲ್ಪ ಕಾಲೊನಿ ತೆಗೆದು ಅಸಿಟೋನಿನಲ್ಲಿ ಕಲಕಿ ನೋಡಿ: ಸೆರೇಷಿಯಾದ ಬಣ್ಣ ಕರಗಿ ಬರುತ್ತದೆ, ಸೆಲೆನಿಯಂ ತಳದಲ್ಲೇ ಉಳಿಯುತ್ತದೆ.

ನಿಜವಾದ ಕೆಂಪು ಹೇಗೆ ಬರುತ್ತದೆ? ಬಹಳಷ್ಟು ಬ್ಯಾಕ್ಟೀರಿಯಾಗಳಲ್ಲಿ ಗ್ಲುಟಾಥಯೋನ್ ಎಂಬ ಗಂಧಕ ಇರುವ ಸಣ್ಣ ಅಣು ಸೆಲೆನೈಟನ್ನು ಹಿಡಿದು ಎಲೆಕ್ಟ್ರಾನ್ ಕೊಡುತ್ತದೆ. ಕೊನೆಗೆ ಹರಳಿನ ರೂಪವಿಲ್ಲದ, ನ್ಯಾನೊಮೀಟರ್ ಲೆಕ್ಕದ ದುಂಡನೆಯ ಸೆಲೆನಿಯಂ ಗೋಲಿಗಳಾಗುತ್ತವೆ. ಥೌರಾ ಸೆಲೆನಾಟಿಸ್‌ನಂಥವು ಸೆಲೆನೇಟನ್ನು ಉಸಿರಾಟಕ್ಕೇ ಬಳಸುತ್ತವೆ, ನಾವು ಆಮ್ಲಜನಕ ಬಳಸುವಂತೆ. ಹೀಗಾಗಿ ಗಾಳಿ ಇಲ್ಲದೆ ಬೆಳೆಸಿದ ಪ್ಲೇಟಿಗೂ ಗಾಳಿಯಲ್ಲಿ ಬೆಳೆಸಿದ ಪ್ಲೇಟಿಗೂ ಒಂದೇ ವಿವರಣೆ ಬರೆಯಬೇಡಿ.

ಪ್ಲೇಟ್ ತೆರೆದಾಗ ಬೆಳ್ಳುಳ್ಳಿ ವಾಸನೆ ಬಂದರೆ ಸೆಲೆನಿಯಂ ಅಥವಾ ಟೆಲ್ಯುರಿಯಂ ಮೀಥೈಲ್ ಹಚ್ಚಿಕೊಂಡು ಗಾಳಿಗೆ ಹೋಗುತ್ತಿದೆ. ಮೂಗು ಹತ್ತಿರ ಒಯ್ದು ನೋಡುವ ಚಟ ಬೇಡ. ಆರ್ಸೆನಿಕ್‌ಗೂ ಇಂಥ ದಾರಿ ಇದೆ. ಯುರೋಪಿನಲ್ಲಿ 19ನೇ ಶತಮಾನದಲ್ಲಿ ಗೋಡೆ ಕಾಗದಕ್ಕೆ ಆರ್ಸೆನಿಕ್ ಇರುವ ಹಸಿರು ಬಣ್ಣ ಹಚ್ಚುತ್ತಿದ್ದರು. ತೇವದ ಗೋಡೆಯಲ್ಲಿ ಬೂಸ್ಟು ಹಿಡಿದಾಗ ಅದರಿಂದ ಗ್ಯಾಸ್ ಬರುವುದನ್ನು 1890ರ ದಶಕದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ತೋರಿಸಿದರು. ಅದು ಟ್ರೈಮೀಥೈಲ್ ಆರ್ಸೀನ್ ಅಂತ ಆಮೇಲೆ ಗೊತ್ತಾಯಿತು. ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸ ಮಾಡುವುದು ಆರ್ಸ್-ಎಂ ಜೀನ್.

ಆರ್ಸೆನಿಕ್: ತಡೆಯುವುದು ಬೇರೆ, ಒಳ್ಳೆಯದು ಮಾಡುವುದು ಬೇರೆ

ಆರ್ಸೆನೇಟ್ ಪ್ಲೇಟಿನಲ್ಲಿ ಬೆಳೆದ ತಳಿ ಒಳಗೆ ಏನು ಮಾಡುತ್ತಿರುತ್ತದೆ ಗೊತ್ತಾ? ಸಾಮಾನ್ಯವಾಗಿ ಹೀಗೆ. ಆರ್ಸ್-ಆರ್ ಎಂಬ ಕಾವಲು ಪ್ರೋಟೀನ್ ಆರ್ಸೆನೈಟ್ ತಾಕಿದ ಕೂಡಲೇ ಡಿಎನ್‌ಎ ಬಿಟ್ಟು ಸರಿಯುತ್ತದೆ. ಆಗ ಉಳಿದ ಜೀನ್‌ಗಳು ಏಳುತ್ತವೆ. ಆರ್ಸ್-ಸಿ ಎಂಬ ಕಿಣ್ವ ಆರ್ಸೆನೇಟನ್ನು ಆರ್ಸೆನೈಟ್ ಮಾಡುತ್ತದೆ. ಆರ್ಸ್-ಬಿ ಎಂಬ ಪಂಪ್ ಅದನ್ನು ಹೊರಗೆ ನೂಕುತ್ತದೆ.

ಈಗ ನೀರಿನ ಕಡೆಯಿಂದ ನೋಡಿ. ಹಾಕಿದ್ದು ಆರ್ಸೆನೇಟ್, ಉಳಿದದ್ದು ಆರ್ಸೆನೈಟ್. ಅದು ಇನ್ನೂ ಜಾಸ್ತಿ ವಿಷ, ಚಾರ್ಜ್ ಇಲ್ಲದ್ದರಿಂದ ಸೋಸಿ ಹಿಡಿಯುವುದೂ ಕಷ್ಟ. ಬ್ಯಾಕ್ಟೀರಿಯಾ ಉಳಿದುಕೊಂಡಿತು, ನೀರು ಕೆಟ್ಟಿತು. ಬಂಗಾಳದ ಅಂತರ್ಜಲದಲ್ಲಿ ದೊಡ್ಡ ಮಟ್ಟದಲ್ಲಿ ಆಗಿದ್ದೂ ಇದರ ನೆಂಟನೇ: ಗಾಳಿ ಇಲ್ಲದ ಪದರದಲ್ಲಿ ಬ್ಯಾಕ್ಟೀರಿಯಾಗಳು ಕಬ್ಬಿಣದ ಆಕ್ಸೈಡನ್ನು ಕರಗಿಸುತ್ತವೆ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ.

ನೀರು ಶುದ್ಧ ಮಾಡಲು ಬೇಕಾದ್ದು ಉಲ್ಟಾ ಕೆಲಸ ಮಾಡುವವು. ಆರ್ಸೆನೈಟನ್ನು ಆರ್ಸೆನೇಟ್ ಮಾಡುವ ಬ್ಯಾಕ್ಟೀರಿಯಾ 1918ರಲ್ಲೇ ದಕ್ಷಿಣ ಆಫ್ರಿಕಾದಲ್ಲಿ, ಉಣ್ಣಿ ಸಾಯಿಸಲು ದನಗಳನ್ನು ಅದ್ದುವ ಆರ್ಸೆನಿಕ್ ತೊಟ್ಟಿಯಲ್ಲಿ ಸಿಕ್ಕಿತ್ತು. ಅದರ ಕಿಣ್ವದ ಹೆಸರು ಈಗ ಎಐಒ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರು ಮೈಕ್ರೋಬ್ಯಾಕ್ಟೀರಿಯಂ ಲ್ಯಾಕ್ಟಿಕಂ ಎಂಬ ಇಂಥದೇ ಬ್ಯಾಕ್ಟೀರಿಯಾವನ್ನು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ, ಅಂತರ್ಜಲದ ಆರ್ಸೆನೈಟನ್ನು ಬದಲಿಸುವ ಕೆಲಸವನ್ನು 2002ರಲ್ಲೇ ಪ್ರಕಟಿಸಿದ್ದಾರೆ. ಬದಲಾದ ಆರ್ಸೆನೇಟ್ ಕಬ್ಬಿಣದಂಥದಕ್ಕೆ ಅಂಟುತ್ತದೆ, ಆಮೇಲೆ ತೆಗೆಯಬಹುದು. ಪುಣೆಯಲ್ಲಿದ್ದು ಇದನ್ನು ಓದದೆ ಪ್ರಾಜೆಕ್ಟ್ ಶುರು ಮಾಡಬೇಡಿ.

ನಿಮ್ಮ ತಳಿ ಯಾವ ಕಡೆಯದು ಅಂತ ತಿಳಿಯಲು ಅಗ್ಗದ ಪರೀಕ್ಷೆ ಸಿಲ್ವರ್ ನೈಟ್ರೇಟ್. ಬೆಳೆದ ಪ್ಲೇಟಿನ ಮೇಲೆ 0.1 ಮೋಲಾರ್ ದ್ರಾವಣ ಸುರಿಯಿರಿ. ಕಂದು ಬಂದರೆ ಆರ್ಸೆನೇಟ್, ಹಳದಿ ಬಂದರೆ ಆರ್ಸೆನೈಟ್. ಆದರೆ ಫಾಸ್ಫೇಟ್ ಕೂಡ ಬೆಳ್ಳಿಯ ಜತೆ ಹಳದಿಯೇ ಕೊಡುತ್ತದೆ. ಉಪ್ಪು ಇದ್ದರೆ ಬಿಳಿ ಸಿಲ್ವರ್ ಕ್ಲೋರೈಡ್ ಬಂದು, ಬೆಳಕಿಗೆ ಕಪ್ಪಾಗಿ, ಎಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ಎರಡೂ ಕಡಿಮೆ ಇರುವ ಮೀಡಿಯಂ ಬೇಕು, ಟ್ರಿಸ್ ಬಫರಿನ ಪಿಎಚ್ ಸರಿಮಾಡಲು ಹೈಡ್ರೋಕ್ಲೋರಿಕ್ ಬದಲು ನೈಟ್ರಿಕ್ ಆಸಿಡ್ ಬಳಸಿ. ಉಪ್ಪಿನ ಆಗರದ ತಳಿಗಳಿಗೆ ಈ ಪರೀಕ್ಷೆ ಬೇಡ, ನೇರ ಕೆಳಗೆ ಹೇಳುವ ಅಳತೆ ಯಂತ್ರಕ್ಕೆ ಕೊಡಿ.

ಪಿಸಿಆರ್‌ನಲ್ಲಿ (ಜೀನನ್ನು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ) ಆರ್ಸ್-ಸಿ ಜೀನ್ ಬಂತು ಅಂದರೆ ಆರ್ಸೆನೇಟನ್ನು ತಿರುಗಿಸುವ ಸಾಮರ್ಥ್ಯ ಇರಬಹುದು ಅಂತ ಅಷ್ಟೇ. ಜೀನ್ ಇರುವುದೂ ಅದು ಕೆಲಸ ಮಾಡುತ್ತಿರುವುದೂ ಒಂದೇ ಅಲ್ಲ.

ಲೆಕ್ಕ ಸರಿಹೊಂದಿಸುವುದು

ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು, ಕೆಳಗಿನ ಜೀವಕೋಶ ಎರಡನ್ನೂ ಅಳೆಯಿರಿ. ಮೇಲಿನ ನೀರಿನಲ್ಲಿ ಕಡಿಮೆಯಾಯಿತು ಅಂತ ಮಾತ್ರ ನೋಡಿದರೆ, ಒಳಗೆ ಹೋಯಿತೋ, ಮೈಗೆ ಅಂಟಿತೋ, ಗಾಳಿಗೆ ಹಾರಿತೋ ಗೊತ್ತಾಗುವುದಿಲ್ಲ. ಜೀವಕೋಶಗಳನ್ನು ಫಾಸ್ಫೇಟ್ ಬಫರಿನಲ್ಲಿ ತೊಳೆದು ಆ ನೀರನ್ನೂ ಅಳೆದರೆ ಮೈಗೆ ಅಂಟಿದ್ದು ಎಷ್ಟು ಅಂತ ಅಂದಾಜು ಸಿಗುತ್ತದೆ. ಎಲ್ಲ ಕೂಡಿಸಿದರೂ ಹಾಕಿದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಗ್ಯಾಸ್ ಅನುಮಾನಿಸಿ. ಪಿಪೆಟ್‌ನ ತಪ್ಪೂ ಇರಬಹುದು, ಮೊದಲು ಅದನ್ನು ನೋಡಿ.

ಅಳೆಯಲು ಹೆಚ್ಚಿನವರು ಐಸಿಪಿ-ಎಂಎಸ್‌ಗೆ, ಅಂದರೆ ಪರಮಾಣುಗಳನ್ನು ತೂಕದ ಮೇಲೆ ಗುರುತಿಸುವ ಯಂತ್ರಕ್ಕೆ, ಕಳಿಸುತ್ತಾರೆ. ಅದು ಒಟ್ಟು ಆರ್ಸೆನಿಕ್ ಹೇಳುತ್ತದೆ, ರೂಪ ಹೇಳುವುದಿಲ್ಲ. ರೂಪ ಬೇಕಿದ್ದರೆ ಮೊದಲು ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ರೂಪಗಳನ್ನು ಬೇರ್ಪಡಿಸಬೇಕು. ಸಮುದ್ರದ ಮಾದರಿಯವರು ಇನ್ನೊಂದು ಗಮನಿಸಿ: ಆರ್ಸೆನಿಕ್ ಪರಮಾಣುವಿನ ತೂಕ 75. ಯಂತ್ರದ ಆರ್ಗಾನ್ 40, ಉಪ್ಪಿನ ಕ್ಲೋರಿನ್ 35, ಎರಡೂ ಸೇರಿದರೂ 75. ಉಪ್ಪಿನ ನೀರಿನಲ್ಲಿ ಇಲ್ಲದ ಆರ್ಸೆನಿಕ್ ಇದೆ ಅಂತ ಬರುತ್ತದೆ. ಇಂಥ ಜೋಡಿಗಳನ್ನು ತಡೆಯುವ ಹೀಲಿಯಂ ಕೊಲಿಷನ್ ಸೆಲ್ ಹಾಕಿ ಓಡಿಸಿ ಅಂತ ಯಂತ್ರದವರಿಗೆ ಮೊದಲೇ ಹೇಳಿ, ಜೀವಿ ಹಾಕದ ಅದೇ ಉಪ್ಪಿನ ಮೀಡಿಯಂ ಒಂದನ್ನು ಜತೆಗೆ ಕಳಿಸಿ. ಸೆಲೆನಿಯಂನ 80 ತೂಕದ ಪರಮಾಣುವಿಗೂ ಇದೇ ತೊಂದರೆ, ಎರಡು ಆರ್ಗಾನ್ ಸೇರಿ 80 ಆಗುತ್ತದೆ. 78 ಅಥವಾ 82ರಲ್ಲಿ ಓದಿಸಿ.

ಒಳ್ಳೆಯ ತಳಿ ಸಿಕ್ಕರೆ ಅದೇ ವಾರ ಗ್ಲಿಸರಾಲ್ ಹಾಕಿ ಮೈನಸ್ 80ರಲ್ಲಿ ಇಡಿ. ಸ್ಲಾಂಟಿನಿಂದ ಸ್ಲಾಂಟಿಗೆ ಬದಲಿಸುತ್ತಾ ಹೋದರೆ, ಈ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ಉಂಗುರ) ಮೇಲೆ ಇರುವುದರಿಂದ, ಅರೆಲೋಹ ಇಲ್ಲದ ಮೀಡಿಯಂನಲ್ಲಿ ಕಳೆದುಹೋಗಬಹುದು. ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರದಲ್ಲಿ ತಳಿ ಠೇವಣಿ ಇಡಲು ಅವಕಾಶ ಇದೆ. ಕಳಿಸುವಾಗ ಮೀಡಿಯಂ, ಉಪ್ಪಿನ ಪ್ರಮಾಣ, ಅರೆಲೋಹದ ಪ್ರಮಾಣ, ಮಾದರಿ ತೆಗೆದ ಜಾಗ ಬರೆದು ಕಳಿಸಿ.